ಸಿಮೆಂಟಿನ ತಯಾರಿಕೆಯಲ್ಲಿ ಕೈಗಾರಿಕಾ ತ್ಯಾಜ್ಯಗಳ ಉಪಯೋಗ: ಕಿಟ್ಟ ಮತ್ತು ಹಾರುಬೂದಿ

1. ಪೀಠಿಕೆ

ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಕೃಷ್ಣರಾಜಸಾಗರದ ಕಟ್ಟೆಯನ್ನು ನೋಡಲು ಹೋಗುವ ವಿದ್ಯಾರ್ಥಿಗಳಲ್ಲಿ ಅನೇಕರು ಅದು ಸಿಮೆಂಟಿನಿಂದ ಕಟ್ಟಿದ್ದೆಂದೇ ಭಾವಿಸುತ್ತಾರೆ. ವಾಸ್ತವವಾಗಿ 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಮುಗಿದ ಆ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿಯೆಂದರೆ ಸುಟ್ಟ ಜೇಡಿಮಣ್ಣಿನ ಅಥವಾ ಇಟ್ಟಿಗೆಯ ನುಣ್ಣನೆಯ ಪುಡಿ. ಬರಿಯ ಸುಣ್ಣದ ಗಾರೆಯು ನೀರಿನೊಳಗೆ ಗಟ್ಟಿಯಾಗಲಾರದು. ಸುರ್ಕಿಯೊಡನೆ ಬೆರೆತ ಸುಣ್ಣವು ನೀರಿನಲ್ಲಿಯೂ ಗಟ್ಟಿಯಾಗುತ್ತದೆ, ಕಾಲ ಕಳೆದಂತೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಡೆದ ಇಟ್ಟಿಗೆಯ ಚೂರು ಬೇರೆಲ್ಲಿಯಾದರೂ ಬಿದ್ದಿದ್ದರೆ ಅದನ್ನು ಕಸವೆಂದು ಕರೆಯುತ್ತಿದ್ದೆವು. ಸುಣ್ಣದ ಸಹವಾಸದಲ್ಲಿ ಅದೇ ವಸ್ತು ನಾಡಿನ ಒಂದು ಮಹಾ ಜಲಾಶಯದ ಭಾರವನ್ನು ಹೊತ್ತಿದೆ.

ಇಂದು ನಮ್ಮ ದೇಶದಲ್ಲಿ ಮಾರಾಟವಾಗುವ ಸಿಮೆಂಟಿನ ಬಹುಭಾಗವು ಇದೇ ತತ್ತ್ವವನ್ನು ಆಧರಿಸಿದೆ. ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯೂ ಕಬ್ಬಿಣದ ಕಾರ್ಖಾನೆಗಳ ಕಿಟ್ಟವೂ ಅದರಲ್ಲಿ ಸೇರಿರುತ್ತವೆ. ಆದರೂ ಸಾಮಾನ್ಯ ಜನರಲ್ಲಿ ಮಾತ್ರವಲ್ಲದೆ ನಮ್ಮ ತರಗತಿಗಳಲ್ಲಿಯೂ ಎರಡು ತಪ್ಪು ಅಭಿಪ್ರಾಯಗಳು ಕಂಡುಬರುತ್ತವೆ. ಬೂದಿ ಬೆರೆಸಿದ ಸಿಮೆಂಟು ಕಲಬೆರಕೆಯೆಂಬುದು ಮೊದಲನೆಯದು. ಯಾವ ಬೂದಿಯನ್ನಾದರೂ ಎಷ್ಟನ್ನಾದರೂ ಬೆರೆಸಬಹುದು, ಎಲ್ಲವೂ ಲಾಭವೇ ಎಂಬುದು ಎರಡನೆಯದು. ಇವೆರಡೂ ಒಂದೇ ಅಜ್ಞಾನದ ಎರಡು ಮುಖಗಳು. ತ್ಯಾಜ್ಯವು ಸಿಮೆಂಟಾಗುವುದು ಅದು ಅಗ್ಗವೆಂಬ ಕಾರಣದಿಂದಲ್ಲ, ಅದರ ಒಳರಚನೆಯ ಕಾರಣದಿಂದ. ಆ ರಚನೆಯೇನು, ಅದು ಯಾವಾಗ ಒದಗುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

2. ಸಿಮೆಂಟು ಹೇಗೆ ಆಗುತ್ತದೆ

ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸಗಾರನು 1824ರಲ್ಲಿ ತನ್ನ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲೆಂಡ್ ಎಂಬಲ್ಲಿ ದೊರೆಯುವ ಕಟ್ಟಡದ ಕಲ್ಲನ್ನು ಹೋಲುತ್ತದೆಂದು ಅದಕ್ಕೆ ಪೋರ್ಟ್‌ಲೆಂಡ್ ಸಿಮೆಂಟೆಂದು ಹೆಸರಿಟ್ಟನು. ಅಂದಿನ ವಸ್ತುವಿಗೂ ಇಂದಿನದಕ್ಕೂ ಬಹಳ ವ್ಯತ್ಯಾಸವಿದೆಯಾದರೂ ಹೆಸರು ಉಳಿದುಬಂದಿದೆ.

ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ತಕ್ಕ ಪ್ರಮಾಣದಲ್ಲಿ ನುಣ್ಣಗೆ ಅರೆದು, ತಿರುಗುವ ಉದ್ದನೆಯ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸಿದರೆ, ಅವು ಅರೆಕರಗಿ, ಪರಸ್ಪರ ಸಂಯೋಗ ಹೊಂದಿ, ಕಪ್ಪುಬೂದು ಬಣ್ಣದ ಗುಂಡುಗಟ್ಟಿಗಳಾಗುತ್ತವೆ. ಇವುಗಳಿಗೆ ಕ್ಲಿಂಕರ್ ಎಂದು ಹೆಸರು. ಕ್ಲಿಂಕರಿಗೆ ಸ್ವಲ್ಪ ಜಿಪ್ಸಮ್ ಸೇರಿಸಿ ಪುಡಿಮಾಡಿದರೆ ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟು ಸಿದ್ಧವಾಗುತ್ತದೆ. ಕ್ಲಿಂಕರಿನಲ್ಲಿ ಮುಖ್ಯವಾಗಿ ನಾಲ್ಕು ಸಂಯುಕ್ತಗಳಿರುತ್ತವೆ: ಟ್ರೈಕ್ಯಾಲ್ಸಿಯಂ ಸಿಲಿಕೇಟ್, ಡೈಕ್ಯಾಲ್ಸಿಯಂ ಸಿಲಿಕೇಟ್, ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಮತ್ತು ಕಬ್ಬಿಣವನ್ನೊಳಗೊಂಡ ಅಲ್ಯುಮಿನೋಫೆರೈಟ್. ಇವುಗಳಲ್ಲಿ ಮೊದಲನೆಯದು ಕ್ಲಿಂಕರಿನ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚಾಗಿದ್ದು, ಮೊದಲ ವಾರಗಳ ಬಲವು ಬಹುತೇಕ ಇದರಿಂದಲೇ ಬರುತ್ತದೆ. ಎರಡನೆಯದು ನಿಧಾನವಾಗಿ ವರ್ತಿಸಿ ಮುಂದಿನ ತಿಂಗಳುಗಳ ಬಲಕ್ಕೆ ಕಾರಣವಾಗುತ್ತದೆ.

ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ಸಂಯೋಗ ಹೊಂದಿ ಗಟ್ಟಿಯಾಗುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಸಿಲಿಕೇಟುಗಳು ನೀರಿನೊಡನೆ ವರ್ತಿಸಿದಾಗ ಎರಡು ವಸ್ತುಗಳು ಹುಟ್ಟುತ್ತವೆ. ಒಂದು, ಜಲಯುಕ್ತ ಕ್ಯಾಲ್ಸಿಯಂ ಸಿಲಿಕೇಟಿನ ಅಂಟು; ಕಾಂಕ್ರೀಟಿನ ಬಲವೆಲ್ಲ ಇದರಲ್ಲಿಯೇ ಇರುವುದು. ಇನ್ನೊಂದು, ಅರಳಿದ ಸುಣ್ಣ ಅಥವಾ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಪೂರ್ಣವಾಗಿ ಗಟ್ಟಿಯಾದ ಸಿಮೆಂಟಿನ ಘನಭಾಗದಲ್ಲಿ ಈ ಸುಣ್ಣವು ಶೇಕಡ 20ರಿಂದ 25ರಷ್ಟು ಇರುತ್ತದೆ. ಇದು ಬಲವನ್ನು ಹೆಚ್ಚಾಗಿ ಕೊಡುವುದಿಲ್ಲ. ಉಪ್ಪುನೀರು, ಗಂಧಕದ ಲವಣಗಳು ಮುಂತಾದುವು ಕಾಂಕ್ರೀಟಿನೊಳಗೆ ನುಗ್ಗಿದಾಗ ಮೊದಲು ಸಿಕ್ಕಿಬೀಳುವುದೂ ಇದೇ. ಆದರೆ ಕಂಬಿಗಳು ತುಕ್ಕು ಹಿಡಿಯದಂತೆ ಕಾಯುವ ಕ್ಷಾರಗುಣವು ಇದರಿಂದ ಒದಗುತ್ತದೆ. ಈ ಮಿಕ್ಕ ಸುಣ್ಣವೇ ನಮ್ಮ ವಿಷಯದ ಕೀಲಿಕೈ.

3. ಒಂದು ಸಣ್ಣ ಲೆಕ್ಕ

ಸುಣ್ಣಕಲ್ಲನ್ನು ಕಾಯಿಸಿದಾಗ ಅದು ಸುಣ್ಣವಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ವಿಭಜನೆ ಹೊಂದುತ್ತದೆಂಬುದನ್ನು ಪ್ರೌಢಶಾಲೆಯಲ್ಲಿಯೇ ಕಲಿತಿರುತ್ತೇವೆ. 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 56 ಗ್ರಾಂ ಸುಣ್ಣವೂ 44 ಗ್ರಾಂ ಅನಿಲವೂ ದೊರೆಯುತ್ತವೆ. ಕ್ಲಿಂಕರಿನಲ್ಲಿ ಸುಣ್ಣದ ಅಂಶವು ಶೇಕಡ 65ರಷ್ಟು ಎಂದಿಟ್ಟುಕೊಂಡರೆ, ಒಂದು ಟನ್ ಕ್ಲಿಂಕರಿಗೆ 650 ಕಿಲೋಗ್ರಾಂ ಸುಣ್ಣ ಬೇಕು. ಅದರ ತಯಾರಿಕೆಯಲ್ಲಿ 650 ಅನ್ನು 44ರಿಂದ ಗುಣಿಸಿ 56ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 510 ಕಿಲೋಗ್ರಾಂ ಅನಿಲವು ಗಾಳಿಗೆ ಸೇರುತ್ತದೆ. ಇದು ಕಲ್ಲಿನೊಳಗಿಂದಲೇ ಹೊರಟ ಅನಿಲ. ಕುಲುಮೆಗೆ ಹಾಕಿದ ಕಲ್ಲಿದ್ದಲಿನಿಂದ ಹುಟ್ಟುವ 300 ಕಿಲೋಗ್ರಾಮಿನಷ್ಟನ್ನು ಇದಕ್ಕೆ ಕೂಡಿಸಿದರೆ ಒಟ್ಟು 800 ಕಿಲೋಗ್ರಾಂ ಮೀರುತ್ತದೆ.

ಈ ಲೆಕ್ಕದಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಕುಲುಮೆಯನ್ನು ಎಷ್ಟೇ ಉತ್ತಮಪಡಿಸಿದರೂ, ಇಂಧನವನ್ನು ಎಷ್ಟೇ ಉಳಿಸಿದರೂ, ಕಲ್ಲಿನೊಳಗಿನ ಆ 510 ಕಿಲೋಗ್ರಾಮಿನ ಹುಟ್ಟನ್ನು ತಪ್ಪಿಸಲು ಸಾಧ್ಯವಿಲ್ಲ. ಅದು ರಸಾಯನಶಾಸ್ತ್ರದ ನಿಯಮ. ಮನುಷ್ಯನ ಚಟುವಟಿಕೆಗಳಿಂದ ವಾಯುಮಂಡಲಕ್ಕೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇಕಡ 7 ಅಥವಾ 8ರಷ್ಟಿರುವುದಕ್ಕೆ ಇದೇ ಕಾರಣ. ಸಿಮೆಂಟಿನ ಉತ್ಪಾದನೆಯಲ್ಲಿ ಭಾರತವು ಪ್ರಪಂಚದಲ್ಲಿ ಎರಡನೆಯ ಸ್ಥಾನದಲ್ಲಿದೆ. ಮನೆ, ರಸ್ತೆ, ಕಾಲುವೆಗಳು ಇನ್ನೂ ಆಗಬೇಕಾದ ದೇಶ ನಮ್ಮದು. ಆದ್ದರಿಂದ ಪ್ರಶ್ನೆಯು ಸಿಮೆಂಟನ್ನು ಬಿಡಬೇಕೇ ಎಂಬುದಲ್ಲ. ಒಂದು ಚೀಲ ಸಿಮೆಂಟಿನಲ್ಲಿ ಎಷ್ಟು ಕಡಿಮೆ ಕ್ಲಿಂಕರಿನಿಂದ ಅದೇ ಕೆಲಸವನ್ನು ಸಾಧಿಸಬಹುದು ಎಂಬುದು.

4. ಗಾಜಿನ ಗುಣ

ಇಟಲಿಯ ನೇಪಲ್ಸ್ ಬಳಿಯ ಪೊಜ್ಜುವೋಲಿ ಎಂಬ ಊರಿನ ಜ್ವಾಲಾಮುಖಿಯ ಬೂದಿಯನ್ನು ರೋಮನರು ಸುಣ್ಣಕ್ಕೆ ಬೆರೆಸುತ್ತಿದ್ದರು. ರೋಮಿನ ಪ್ಯಾಂಥಿಯನ್ ದೇವಾಲಯದ, 43 ಮೀಟರ್ ವ್ಯಾಸದ ಗುಮ್ಮಟವು ಅಂತಹ ಕಾಂಕ್ರೀಟಿನಿಂದಲೇ ಎರಡನೆಯ ಶತಮಾನದಲ್ಲಿ ಎದ್ದು, ಇಂದಿಗೂ ನಿಂತಿದೆ. ಆ ಊರಿನ ಹೆಸರಿನಿಂದಲೇ ಇಂತಹ ವಸ್ತುಗಳಿಗೆಲ್ಲ ಪೊಜೊಲಾನ ಎಂಬ ಹೆಸರು ಬಂದಿದೆ. ತಾನಾಗಿ ಗಟ್ಟಿಯಾಗಲಾರದೆ, ನೀರಿನ ಸನ್ನಿಧಿಯಲ್ಲಿ ಸುಣ್ಣದೊಡನೆ ವರ್ತಿಸಿ ಗಟ್ಟಿಯಾಗುವ ಸಿಲಿಕಯುಕ್ತ ವಸ್ತುವೇ ಪೊಜೊಲಾನ. ನಮ್ಮ ಸುರ್ಕಿಯೂ ಈ ವರ್ಗಕ್ಕೆ ಸೇರುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಕೇಳುವ, ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ನದಿಯ ಮರಳು ಕೂಡ ಬಹುಪಾಲು ಸಿಲಿಕವೇ ಅಲ್ಲವೇ? ಹಾಗಾದರೆ ಮರಳನ್ನೇ ಅರೆದು ಸುಣ್ಣಕ್ಕೆ ಬೆರೆಸಿದರೆ ಸಾಲದೇಕೆ? ಸಾಲದು. ಮರಳಿನ ಸಿಲಿಕವು ಸ್ಫಟಿಕರೂಪದ್ದು. ಅದರಲ್ಲಿ ಪರಮಾಣುಗಳು ದೃಢವಾದ ಕ್ರಮದಲ್ಲಿ ಒಂದನ್ನೊಂದು ಹಿಡಿದು ನಿಂತಿರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಸುಣ್ಣದ ನೀರು ಆ ಹಿಡಿತವನ್ನು ಬಿಡಿಸಲಾರದು. ಜ್ವಾಲಾಮುಖಿಯ ಬೂದಿ, ಹಾರುಬೂದಿ ಮತ್ತು ಸರಿಯಾಗಿ ತಣಿಸಿದ ಕಿಟ್ಟಗಳಲ್ಲಿ ವಸ್ತುವು ಕರಗಿದ ಸ್ಥಿತಿಯಿಂದ ಹಠಾತ್ತನೆ ತಣ್ಣಗಾಗಿರುತ್ತದೆ. ಸ್ಫಟಿಕವಾಗಿ ಜೋಡಣೆಗೊಳ್ಳಲು ಕಾಲಾವಕಾಶವಿಲ್ಲದೆ ಅದು ಗಾಜಾಗಿ ಉಳಿದುಬಿಡುತ್ತದೆ. ಗಾಜಿನಲ್ಲಿ ಪರಮಾಣುಗಳ ಜೋಡಣೆಯು ಅಸ್ತವ್ಯಸ್ತವಾಗಿರುವುದರಿಂದ ಸುಣ್ಣದ ಕ್ಷಾರವು ಅದನ್ನು ಮೆಲ್ಲಮೆಲ್ಲನೆ ಕರಗಿಸಬಲ್ಲುದು. ಸುರ್ಕಿಯಲ್ಲಿ ಇದೇ ಫಲವು ಬೇರೊಂದು ದಾರಿಯಿಂದ ಸಿದ್ಧಿಸುತ್ತದೆ: ಹದವಾಗಿ ಸುಟ್ಟ ಜೇಡಿಮಣ್ಣು ತನ್ನೊಳಗಿನ ನೀರನ್ನು ಕಳೆದುಕೊಂಡು ರಚನೆ ಸಡಿಲವಾಗಿರುತ್ತದೆ. ಹದ ಮೀರಿ ಸುಟ್ಟರೆ ಮತ್ತೆ ಸ್ಫಟಿಕಗಳಾಗಿ ನಿರುಪಯೋಗಿಯಾಗುತ್ತದೆ.

ಹೀಗೆ ಕರಗಿದ ಸಿಲಿಕವು, ಸಿಮೆಂಟಿನಲ್ಲಿ ಮಿಕ್ಕಿದ ಸುಣ್ಣದೊಡನೆ ಸೇರಿ ಮತ್ತಷ್ಟು ಜಲಯುಕ್ತ ಕ್ಯಾಲ್ಸಿಯಂ ಸಿಲಿಕೇಟನ್ನು ಕೊಡುತ್ತದೆ. ಬಲವಿಲ್ಲದ ವಸ್ತು ಬಲವುಳ್ಳ ಅಂಟಾಗಿ ಮಾರ್ಪಡುತ್ತದೆ. ಕಾಂಕ್ರೀಟಿನ ಸೂಕ್ಷ್ಮರಂಧ್ರಗಳು ತುಂಬಿಕೊಳ್ಳುತ್ತವೆ. ಇದು ಕಲಬೆರಕೆಯಲ್ಲ, ಎರಡನೆಯ ಸುತ್ತಿನ ರಾಸಾಯನಿಕ ಕ್ರಿಯೆ. ಆದರೆ ಮೊದಲನೆಯ ಸುತ್ತಿನಲ್ಲಿ ಸುಣ್ಣ ಹುಟ್ಟಿದ ಮೇಲೆಯೇ ಎರಡನೆಯದು ನಡೆಯಬೇಕಾದ್ದರಿಂದ ಅದಕ್ಕೆ ಹೆಚ್ಚು ಕಾಲ ಬೇಕು. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇವೆ.

5. ಊದುಕುಲುಮೆಯ ಕಿಟ್ಟ

ಕಬ್ಬಿಣದ ಅದಿರಿನೊಡನೆ ಇಂಗಾಲವನ್ನೂ ಸುಣ್ಣಕಲ್ಲನ್ನೂ ಊದುಕುಲುಮೆಗೆ ಹಾಕಿದಾಗ, ಅದಿರಿನಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳು ಸುಣ್ಣದೊಡನೆ ಸೇರಿ ಕರಗಿ, ದ್ರವಕಬ್ಬಿಣದ ಮೇಲೆ ತೇಲುತ್ತವೆ. ಈ ತೇಲುವ ದ್ರವವೇ ಕಿಟ್ಟ. ಕಾರ್ಖಾನೆಯವರು ಸ್ಲ್ಯಾಗ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಒಂದು ಟನ್ ಕಬ್ಬಿಣಕ್ಕೆ ಸಾಮಾನ್ಯವಾಗಿ 300ರಿಂದ 400 ಕಿಲೋಗ್ರಾಂ ಕಿಟ್ಟ ಹೊರಬರುತ್ತದೆ. ಅದರಲ್ಲಿ ಸುಣ್ಣ, ಸಿಲಿಕ, ಅಲ್ಯುಮಿನ, ಮೆಗ್ನೀಷಿಯಾ ಎಂಬ ನಾಲ್ಕು ಆಕ್ಸೈಡುಗಳು ಪ್ರಧಾನ. ಸುಣ್ಣವು ಮೂರನೆಯ ಒಂದು ಭಾಗದಷ್ಟು ಇರುವುದರಿಂದ ಕಿಟ್ಟವು ಬರಿಯ ಪೊಜೊಲಾನಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅದರೊಳಗೇ ಸಿಮೆಂಟಾಗುವ ಶಕ್ತಿ ಅಡಗಿದೆ, ಎಬ್ಬಿಸುವವರು ಬೇಕು. ಸಿಮೆಂಟಿನ ಸುಣ್ಣವೂ ಜಿಪ್ಸಮ್ಮೂ ಆ ಕೆಲಸವನ್ನು ಮಾಡುತ್ತವೆ.

ಈ ಅಡಗಿದ ಶಕ್ತಿಯನ್ನು 1862ರಲ್ಲಿ ಜರ್ಮನಿಯ ಎಮಿಲ್ ಲಾಂಗೆನ್ ಗುರುತಿಸಿದನು. ಕರಗಿದ ಕಿಟ್ಟವನ್ನು ಗುಂಡಿಯಲ್ಲಿ ಸುರಿದು ತಾನಾಗಿ ಆರಲು ಬಿಟ್ಟರೆ ಅದು ಸ್ಫಟಿಕರೂಪದ ಕಲ್ಲಾಗುತ್ತದೆ. ಜಲ್ಲಿಯ ಬದಲು ರಸ್ತೆಗೆ ಹಾಕಲು ಯೋಗ್ಯವೇ ಹೊರತು ಸಿಮೆಂಟಿಗಲ್ಲ. ಅದೇ ದ್ರವದ ಮೇಲೆ ರಭಸವಾಗಿ ನೀರನ್ನು ಹಾಯಿಸಿದರೆ ಮರಳಿನಂತಹ ಗಾಜಿನ ಕಣಗಳಾಗಿ ಒಡೆಯುತ್ತದೆ. ಇದೇ ಸಿಮೆಂಟಿಗೆ ಬೇಕಾದ ಕಿಟ್ಟ. ರಾಸಾಯನಿಕ ವಿಶ್ಲೇಷಣೆಯಲ್ಲಿ ಇವೆರಡಕ್ಕೂ ಯಾವ ಭೇದವೂ ಕಾಣದು. ಒಂದೇ ಕುಲುಮೆಯ ಒಂದೇ ಹೊತ್ತಿನ ದ್ರವವು ಕೆಲವು ಕ್ಷಣಗಳ ಉಪಚಾರದಲ್ಲಿ ಬೆಲೆಬಾಳುವ ಪದಾರ್ಥವಾಗುತ್ತದೆ, ಇಲ್ಲವೇ ರಾಶಿಬಿದ್ದ ಕಲ್ಲಾಗುತ್ತದೆ. ತ್ಯಾಜ್ಯವೆಂಬುದು ವಸ್ತುವಿನ ಗುಣವಲ್ಲ, ನಮ್ಮ ನಡವಳಿಕೆಯ ಫಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಂಗವಾಗಿ ಮುಂದೆ ಸಿಮೆಂಟಿನ ತಯಾರಿಕೆಯೂ ನಡೆಯಿತು. ಇಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿಯೇ ಕಿಟ್ಟದ ಸಿಮೆಂಟನ್ನು ಅರೆಯುವ ಘಟಕವಿದೆ. ಕಿಟ್ಟದ ಸಿಮೆಂಟಿಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐ.ಎಸ್. 455 ಮೊದಲು ಪ್ರಕಟವಾದುದು 1953ರಲ್ಲಿ. ಈಗಿನ ನಿಯಮದಂತೆ ಅಂತಹ ಸಿಮೆಂಟಿನಲ್ಲಿ ಕಿಟ್ಟವು ಶೇಕಡ 25ಕ್ಕಿಂತ ಕಡಿಮೆಯಿಲ್ಲದೆ 70ಕ್ಕಿಂತ ಹೆಚ್ಚಿಲ್ಲದೆ ಇರಬೇಕು.

ಕಿಟ್ಟದ ಸಿಮೆಂಟು ಗಂಧಕದ ಲವಣಗಳಿಗೂ ಸಮುದ್ರದ ಉಪ್ಪಿಗೂ ಹೆಚ್ಚಿನ ಪ್ರತಿರೋಧವನ್ನು ತೋರುತ್ತದೆ. ಆದ್ದರಿಂದ ಕರಾವಳಿಯ ಸೇತುವೆ, ಬಂದರು, ಅಡಿಪಾಯಗಳಿಗೆ ಅದು ವಿಶೇಷವಾಗಿ ಹೊಂದುತ್ತದೆ. ಈ ಕಾಂಕ್ರೀಟನ್ನು ಕೆಲವು ದಿನಗಳೊಳಗೆ ಒಡೆದು ನೋಡಿದರೆ ಒಳಭಾಗವು ನೀಲಿಹಸಿರಾಗಿ ಕಾಣುವುದುಂಟು. ಕಿಟ್ಟದಲ್ಲಿರುವ ಸಲ್ಫೈಡುಗಳೇ ಇದಕ್ಕೆ ಕಾರಣ; ಗಾಳಿ ತಾಗಿದಂತೆ ಬಣ್ಣವು ಮಾಯವಾಗುತ್ತದೆ. ಇದನ್ನರಿಯದೆ ಸಿಮೆಂಟು ಕೆಟ್ಟಿದೆಯೆಂದು ಗಾಬರಿಯಾಗಬೇಕಾಗಿಲ್ಲ.

6. ಹಾರುಬೂದಿ

ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು ಕುಲುಮೆಗೆ ಊದುತ್ತಾರೆ. ಇದ್ದಲು ಉರಿದುಹೋದರೂ ಅದರೊಳಗಿನ ಮಣ್ಣಿನಂಶವು ಉರಿಯುವುದಿಲ್ಲ. ಕರಗಿ, ಹೊಗೆಯೊಡನೆ ಹಾರುತ್ತ ಹಾರುತ್ತ ತಣಿದು, ಸೂಕ್ಷ್ಮವಾದ ಗಾಜಿನ ಗೋಲಿಗಳಾಗುತ್ತದೆ. ಹೊಗೆಯನ್ನು ವಿದ್ಯುದಾವೇಶವುಳ್ಳ ಫಲಕಗಳ ನಡುವೆ ಹಾಯಿಸಿ ಈ ಕಣಗಳನ್ನು ಹಿಡಿಯುತ್ತಾರೆ. ಒಟ್ಟು ಬೂದಿಯಲ್ಲಿ ಸುಮಾರು ಶೇಕಡ 80 ಭಾಗ ಹೀಗೆ ಹಾರುಬೂದಿಯಾಗಿ, ಉಳಿದದ್ದು ಕುಲುಮೆಯ ತಳದಲ್ಲಿ ದಪ್ಪಬೂದಿಯಾಗಿ ದೊರೆಯುತ್ತದೆ. ಸಿಮೆಂಟಿಗೆ ಬೇಕಾದುದು ಮೊದಲನೆಯದು.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವು ಶೇಕಡ 30ರಿಂದ 45ರವರೆಗೂ ಇರುತ್ತದೆ. ಇದರ ಅರ್ಥವೇನೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು. ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿರುವ ರಾಯಚೂರು ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಅದು ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ನಡೆದರೆ ಸುಮಾರು 4 ಕೋಟಿ 13 ಲಕ್ಷ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಯೂನಿಟ್ಟಿಗೆ 0.7 ಕಿಲೋಗ್ರಾಂ ಇದ್ದಲು, ಇದ್ದಲಿನಲ್ಲಿ ಶೇಕಡ 35 ಬೂದಿ ಎಂದು ಭಾವಿಸಿದರೆ, ದಿನವೊಂದಕ್ಕೆ ಹುಟ್ಟುವ ಬೂದಿಯು 10 ಸಾವಿರ ಟನ್ನಿನ ಆಸುಪಾಸಿನಲ್ಲಿರುತ್ತದೆ. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ಒಂದು ಸಾವಿರ ಲಾರಿಗಳು ಬೇಕು; ಮರುದಿನ ಮತ್ತೆ ಒಂದು ಸಾವಿರ.

ಇಷ್ಟು ಬೂದಿಯನ್ನು ಎಲ್ಲಿಡುವುದು? ನೀರಿನಲ್ಲಿ ಕದಡಿ, ಒಡ್ಡು ಕಟ್ಟಿದ ಬೂದಿಕೆರೆಗಳಿಗೆ ಹರಿಸುವುದು ಬಹುಕಾಲದ ರೂಢಿ. ಬೇಸಗೆಯಲ್ಲಿ ಅದರ ಮೇಲ್ಮೈ ಒಣಗಿ ದೂಳಾಗಿ ಸುತ್ತಲಿನ ಹೊಲಮನೆಗಳ ಮೇಲೆ ಬೀಳುತ್ತದೆ. ಅದರಲ್ಲಿ ಅಲ್ಪಪ್ರಮಾಣದಲ್ಲಿರುವ ಆರ್ಸೆನಿಕ್ ಮೊದಲಾದ ಧಾತುಗಳು ಅಂತರ್ಜಲಕ್ಕೆ ಇಳಿಯುವ ಭಯವೂ ಇದೆ. ಒಡ್ಡು ಒಡೆದರೆ ಆಗುವ ಅನಾಹುತ ಇನ್ನೂ ಘೋರ. 2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸಿ ಸಂಸ್ಥಾನದ ಕಿಂಗ್‌ಸ್ಟನ್ ಎಂಬಲ್ಲಿ 40 ಲಕ್ಷ ಘನಮೀಟರಿಗೂ ಮೀರಿದ ಬೂದಿಕೆಸರು ನದಿಗೂ ಮನೆಗಳಿಗೂ ನುಗ್ಗಿತು. 2020ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಸಿಂಗ್ರೌಲಿಯಲ್ಲಿ ಇಂತಹುದೇ ಒಡ್ಡು ಒಡೆದು ಜೀವಹಾನಿ ಸಂಭವಿಸಿತು. ಬೂದಿಯನ್ನು ಸಿಮೆಂಟಿಗೆ ಉಪಯೋಗಿಸುವುದು ಕೇವಲ ಮಿತವ್ಯಯದ ಪ್ರಶ್ನೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆರ್. ಇ. ಡೇವಿಸ್ ಮತ್ತು ಅವರ ಸಹೋದ್ಯೋಗಿಗಳು ಹಾರುಬೂದಿಯ ಕಾಂಕ್ರೀಟನ್ನು ಕುರಿತ ತಮ್ಮ ಸಂಶೋಧನೆಯನ್ನು 1937ರಲ್ಲಿ ಪ್ರಕಟಿಸಿದರು. ಅದರ ಮೊದಲ ದೊಡ್ಡ ಪರೀಕ್ಷೆ ನಡೆದುದು ಅಮೆರಿಕದ ಮೊಂಟಾನದಲ್ಲಿ. 1953ರಲ್ಲಿ ಮುಗಿದ ಹಂಗ್ರಿ ಹಾರ್ಸ್ ಅಣೆಕಟ್ಟಿಗೆ ಒಂದು ಲಕ್ಷ ಟನ್ನಿಗೂ ಮೀರಿ ಹಾರುಬೂದಿ ಬಳಕೆಯಾಯಿತು. ಸಿಮೆಂಟು ನೀರಿನೊಡನೆ ವರ್ತಿಸುವಾಗ ಶಾಖವು ಹೊರಬೀಳುತ್ತದೆ; ಭಾರಿ ಅಣೆಕಟ್ಟಿನ ಒಡಲಿನಲ್ಲಿ ಅದು ಹೊರಹೋಗಲು ದಾರಿಯಿಲ್ಲದೆ, ಒಳಗೆ ಬಿಸಿಯಾಗಿ ಹೊರಗೆ ತಣ್ಣಗಾಗಿ, ಬಿರುಕುಗಳುಂಟಾಗುತ್ತವೆ. ಬೂದಿ ಬೆರೆಸಿದಾಗ ಕ್ರಿಯೆಯು ನಿಧಾನವಾಗಿ ನಡೆದು ಶಾಖವು ಮಿತಿಯಲ್ಲಿರುತ್ತದೆ. ಭಾರತದಲ್ಲಿ ರಿಹಂದ್ ಅಣೆಕಟ್ಟಿನ ಕಾಂಕ್ರೀಟಿನಲ್ಲಿಯೂ ಹಾರುಬೂದಿ ಉಪಯೋಗಿಸಲ್ಪಟ್ಟಿತು.

ಪೊಜೊಲಾನ ಸಿಮೆಂಟಿನ ಭಾರತೀಯ ಮಾನಕ ಐ.ಎಸ್. 1489 ಮೊದಲು ಪ್ರಕಟವಾದುದು 1962ರಲ್ಲಿ. ಈಗ ಅದು ಶೇಕಡ 15ರಿಂದ 35ರವರೆಗೆ ಹಾರುಬೂದಿಗೆ ಅವಕಾಶ ಕೊಡುತ್ತದೆ. ಮಾನಕವಿದ್ದರೂ ದೇಶದಲ್ಲಿ ಬಳಕೆ ಬಹುಕಾಲ ಹಿಂದುಳಿದಿತ್ತು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಅಂಕಿಗಳಂತೆ 1996–97ರಲ್ಲಿ ಹುಟ್ಟಿದ ಸುಮಾರು 6.9 ಕೋಟಿ ಟನ್ ಬೂದಿಯಲ್ಲಿ ಉಪಯೋಗವಾದುದು ಶೇಕಡ 10ಕ್ಕೂ ಕಡಿಮೆ. 1999ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಬೂದಿಯ ಬಳಕೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆಯನ್ನು ಹೊರಡಿಸಿತು. 2020–21ರ ವೇಳೆಗೆ ಉತ್ಪತ್ತಿಯು 23 ಕೋಟಿ ಟನ್ ಮೀರಿದ್ದರೂ ಶೇಕಡ 92ರಷ್ಟು ಉಪಯೋಗವಾಯಿತು. ಅದರಲ್ಲಿ ಸುಮಾರು ಕಾಲುಭಾಗ ಸಿಮೆಂಟಿಗೆ ಸಂದಿತು. 2021ರ ಡಿಸೆಂಬರ್ 31ರ ಹೊಸ ಅಧಿಸೂಚನೆಯು ಬಳಕೆಯಾಗದ ಬೂದಿಗೆ ಸ್ಥಾವರಗಳು ಪರಿಹಾರ ತೆರಬೇಕೆಂದು ವಿಧಿಸಿತು.

ಎಲ್ಲ ಬೂದಿಯೂ ಒಂದೇ ಅಲ್ಲ. ಇದ್ದಲು ಪೂರ್ತಿಯಾಗಿ ಉರಿಯದಿದ್ದರೆ ಬೂದಿಯಲ್ಲಿ ಇಂಗಾಲ ಉಳಿದು, ನೀರನ್ನು ಹೀರಿ, ಕಾಂಕ್ರೀಟಿನ ಹದವನ್ನು ಕೆಡಿಸುತ್ತದೆ. ಆದ್ದರಿಂದ ಬೂದಿಯನ್ನು ಮತ್ತೆ ಕಾಯಿಸಿದಾಗ ಆಗುವ ತೂಕನಷ್ಟವು ಶೇಕಡ 5ನ್ನು ಮೀರಕೂಡದೆಂಬ ನಿಯಮವಿದೆ. ನುಣುಪಿಗೂ ಮಿತಿಯುಂಟು. ಬೂದಿಕೆರೆಯಿಂದ ಅಗೆದು ತಂದ ಒರಟುಬೂದಿಯು ಇಟ್ಟಿಗೆಗೂ ರಸ್ತೆಯ ಏರಿಗೂ ಒದಗಬಹುದು. ಯಾವ ಪರೀಕ್ಷೆಯೂ ಇಲ್ಲದೆ ಅದನ್ನು ಸಿಮೆಂಟಿಗೆ ಸೇರಿಸುವುದು ನಿಜವಾಗಿಯೂ ಕಲಬೆರಕೆಯೇ ಸರಿ.

7. ಇತರ ತ್ಯಾಜ್ಯಗಳು

ಮೇಲಿನವೆರಡೂ ಕ್ಲಿಂಕರಿನ ಸ್ಥಾನವನ್ನು ತುಂಬುವ ವಸ್ತುಗಳು. ಇನ್ನು ಕೆಲವು, ಕುಲುಮೆಗೆ ಹೋಗುವ ಕಚ್ಚಾವಸ್ತುವಿನ ಅಥವಾ ಇಂಧನದ ಸ್ಥಾನವನ್ನು ತುಂಬುತ್ತವೆ. ಬಾಕ್ಸೈಟಿನಿಂದ ಅಲ್ಯುಮಿನವನ್ನು ತೆಗೆದಾಗ ಉಳಿಯುವ ಕೆಂಪುಕೆಸರಿನಲ್ಲಿ ಕಬ್ಬಿಣವೂ ಅಲ್ಯುಮಿನವೂ ಇರುವುದರಿಂದ ಅದನ್ನು ಅಲ್ಪಪ್ರಮಾಣದಲ್ಲಿ ಕಚ್ಚಾಮಿಶ್ರಣಕ್ಕೆ ಸೇರಿಸಬಹುದು. ಅದರ ಸೋಡಾಕ್ಷಾರವೇ ಅಡ್ಡಿ. ಕಾಗದದ ಕಾರ್ಖಾನೆಗಳ ಸುಣ್ಣದ ಕೆಸರು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿದ್ದು, ಸುಣ್ಣಕಲ್ಲಿನ ಒಂದು ಭಾಗಕ್ಕೆ ಬದಲಾಗಬಲ್ಲುದು. ಇದರಿಂದ ಗಣಿಗಾರಿಕೆ ತಗ್ಗುತ್ತದೆಯೇ ಹೊರತು, ಅದೂ ಕಾರ್ಬೊನೇಟಾದ್ದರಿಂದ ಕುಲುಮೆಯಲ್ಲಿ ಹುಟ್ಟುವ ಅನಿಲವೇನೂ ತಗ್ಗುವುದಿಲ್ಲ ಎಂಬುದನ್ನು ಗಮನಿಸಬೇಕು. ರಸಗೊಬ್ಬರದ ಕಾರ್ಖಾನೆಗಳಲ್ಲಿ ರಂಜಕಾಮ್ಲದೊಡನೆ ಹುಟ್ಟುವ ಜಿಪ್ಸಮ್ಮನ್ನು ಗಣಿಯ ಜಿಪ್ಸಮ್ಮಿನ ಬದಲು ಬಳಸಬಹುದು; ಅದರಲ್ಲಿ ಉಳಿದ ರಂಜಕ ಮತ್ತು ಫ್ಲೋರಿನ್ ಅಂಶಗಳನ್ನು ತೊಳೆದು ತೆಗೆಯದಿದ್ದರೆ ಸಿಮೆಂಟು ಗಟ್ಟಿಕಟ್ಟುವುದು ತಡವಾಗುತ್ತದೆ. ಹಳೆಯ ಟೈರು, ಬೇರ್ಪಡಿಸಿದ ನಗರಕಸ ಮುಂತಾದುವನ್ನು ಕುಲುಮೆಯಲ್ಲಿ ಉರಿಸಿದಾಗ ಅವುಗಳ ಬೂದಿಯೂ ಕ್ಲಿಂಕರಿನಲ್ಲಿ ಸೇರಿಹೋಗುತ್ತದೆ. ಆದರೆ ಕ್ಲೋರಿನ್, ಪಾದರಸ ಮೊದಲಾದುವು ಹೆಚ್ಚಾಗಿರುವ ಕಸವನ್ನು ಕುಲುಮೆಗೆ ಹಾಕಿದರೆ ನೆಲದ ಕೊಳೆಯನ್ನು ಗಾಳಿಗೆ ಸಾಗಿಸಿದಂತಾಗುತ್ತದೆ.

8. ಲಾಭದ ಅಳತೆ ಮತ್ತು ಅದರ ಬೆಲೆ

ಒಂದು ಟನ್ ಕ್ಲಿಂಕರಿಗೆ 0.8 ಟನ್ ಅನಿಲವೆಂಬ ಮೇಲಿನ ಲೆಕ್ಕವನ್ನೇ ಹಿಡಿದು ನೋಡೋಣ. ಸಾಧಾರಣ ಸಿಮೆಂಟಿನಲ್ಲಿ ಕ್ಲಿಂಕರು ಶೇಕಡ 95 ಇದ್ದರೆ ಟನ್ನಿಗೆ 0.76 ಟನ್ ಅನಿಲವಾಯಿತು. ಶೇಕಡ 35 ಹಾರುಬೂದಿಯ ಸಿಮೆಂಟಿನಲ್ಲಿ ಕ್ಲಿಂಕರು ಶೇಕಡ 60ರಷ್ಟಾಗಿ 0.48 ಟನ್ ಆಯಿತು. ಶೇಕಡ 60 ಕಿಟ್ಟದ ಸಿಮೆಂಟಿನಲ್ಲಿ ಅದು 0.3 ಟನ್ನಿಗೂ ಕೆಳಗಿಳಿಯುತ್ತದೆ. ಅರೆಯುವ ವಿದ್ಯುತ್ತು, ಕಿಟ್ಟವನ್ನು ಒಣಗಿಸುವ ಶಾಖ, ಸಾಗಣೆ ಇವುಗಳನ್ನು ಇಲ್ಲಿ ಸೇರಿಸಿಲ್ಲ. ಕಿಟ್ಟವು ಕ್ಲಿಂಕರಿಗಿಂತ ಗಟ್ಟಿಯಾದುದರಿಂದ ಅರೆಯುವ ಖರ್ಚು ಹೆಚ್ಚು. ಅವೆಲ್ಲವನ್ನೂ ಕೂಡಿಸಿದರೂ ಉಳಿತಾಯವು ದೊಡ್ಡದಾಗಿಯೇ ಉಳಿಯುತ್ತದೆ.

ಆದರೆ ಈ ಲಾಭಕ್ಕೆ ಒಂದು ಬೆಲೆಯಿದೆ. ಅದನ್ನು ಕಾಲದಲ್ಲಿಯೂ ನೀರಿನಲ್ಲಿಯೂ ತೆರಬೇಕು. 43ನೆಯ ದರ್ಜೆಯ ಸಾಧಾರಣ ಸಿಮೆಂಟು ಮೂರು ದಿನಗಳಲ್ಲಿ ಚದರ ಮಿಲಿಮೀಟರಿಗೆ 23 ನ್ಯೂಟನ್ ಬಲವನ್ನು ತೋರಬೇಕೆಂದಿದ್ದರೆ, ಪೊಜೊಲಾನ ಮತ್ತು ಕಿಟ್ಟದ ಸಿಮೆಂಟುಗಳಿಗೆ ವಿಧಿಸಿರುವ ಕನಿಷ್ಠ ಬಲ 16 ನ್ಯೂಟನ್ ಮಾತ್ರ. ಎರಡನೆಯ ಸುತ್ತಿನ ಕ್ರಿಯೆ ನಡೆಯುತ್ತ ಹೋದಂತೆ ಅಂತರವು ಕಡಿಮೆಯಾಗಿ, ತಿಂಗಳುಗಳ ಮೇಲೆ ಇವು ಸಾಧಾರಣ ಸಿಮೆಂಟನ್ನು ಮೀರುವುದೂ ಉಂಟು. ಆದರೆ ಆ ಕ್ರಿಯೆಗೆ ನೀರು ಬೇಕು. ಐ.ಎಸ್. 456ರ 2000ದ ಆವೃತ್ತಿಯು ಸಾಧಾರಣ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದನ್ನು ಕನಿಷ್ಠ 10 ದಿನ ಒದ್ದೆಯಾಗಿಡಬೇಕೆಂದು ವಿಧಿಸಿತು. ಒಣಬಿಸಿಲಿನ ಪ್ರದೇಶದಲ್ಲಿ 14 ದಿನಗಳವರೆಗೆ ಮುಂದುವರಿಸಬೇಕೆಂದು ಸೂಚಿಸಿತು.

ನಿಯಮ ಹೀಗಿದ್ದರೂ ಆಚರಣೆಯಲ್ಲಿ ನಾವು ಕಾಣುವುದು ಬೇರೆ. ಮೇಸ್ತ್ರಿಯು ತನ್ನ ಗುರುವಿನಿಂದ ಕಲಿತ ಪದ್ಧತಿಯಂತೆ ಮೂರು ನಾಲ್ಕು ದಿನ ನೀರು ಹಾಕಿಸಿ ನಿಲ್ಲಿಸುತ್ತಾನೆ. ಬಾಡಿಗೆ ಏರುತ್ತದೆಂದು ಸೆಂಟ್ರಿಂಗನ್ನು ಬೇಗ ಬಿಚ್ಚಿಸುತ್ತಾರೆ. ಚೀಲದ ಮೇಲೆ ಬರೆದಿರುವ ಸಿಮೆಂಟಿನ ಜಾತಿಯನ್ನು ಓದುವವರೇ ವಿರಳ. ನೀರಿಲ್ಲದೆ ನಿಂತುಹೋದ ಕಾಂಕ್ರೀಟಿನಲ್ಲಿ ಬೂದಿಯು ಬರಿಯ ಬೂದಿಯಾಗಿಯೇ ಉಳಿಯುತ್ತದೆ. ಸುಣ್ಣವು ಕಡಿಮೆಯಾಗಿರುವ ಆ ಸಡಿಲ ಕಾಂಕ್ರೀಟಿನೊಳಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸುಲಭವಾಗಿ ಇಳಿದು, ಕ್ಷಾರಗುಣವನ್ನು ಕಳೆದು, ಕಂಬಿಗಳನ್ನು ತುಕ್ಕಿಗೆ ಒಪ್ಪಿಸುತ್ತದೆ. ಆಮೇಲೆ ದೋಷವನ್ನು ಸಿಮೆಂಟಿನ ಮೇಲೆ ಹೊರಿಸುತ್ತೇವೆ. ಸಾಲಮಾಡಿ ಮನೆ ಕಟ್ಟಿಸಿದವನಿಗೆ ಇದು ಸಣ್ಣ ವಿಷಯವಲ್ಲ. ನೀರು ದುರ್ಲಭವಾದ ರಾಯಚೂರು, ಕಲಬುರಗಿಯಂತಹ ಪ್ರದೇಶಗಳಲ್ಲಿ ಒದ್ದೆ ಗೋಣಿತಟ್ಟು ಹೊದಿಸುವುದು, ಚಾವಣಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು ಮೊದಲಾದ ಹಳೆಯ ಕ್ರಮಗಳನ್ನು ಬಿಡದೆ ಪಾಲಿಸಬೇಕಾಗಿದೆ.

9. ಮುಂದಿನ ದಾರಿ

ಕಿಟ್ಟವಾಗಲಿ ಹಾರುಬೂದಿಯಾಗಲಿ ಅಕ್ಷಯವಲ್ಲ. ದೊರೆಯುವ ಕಿಟ್ಟದ ಬಹುಪಾಲು ಈಗಾಗಲೇ ಬಳಕೆಯಾಗುತ್ತಿದೆ. ಕಬ್ಬಿಣವನ್ನು ಇಂಗಾಲದ ಬದಲು ಜಲಜನಕದಿಂದ ತೆಗೆಯುವ ವಿಧಾನವು ನೆಲೆಯೂರಿದರೆ ಊದುಕುಲುಮೆಯ ಕಿಟ್ಟವೇ ಇಲ್ಲವಾಗುತ್ತದೆ. ಕಲ್ಲಿದ್ದಲಿನ ಸ್ಥಾವರಗಳು ಕಡಿಮೆಯಾದಂತೆ ಹಾರುಬೂದಿಯೂ ಕಡಿಮೆಯಾಗುತ್ತದೆ. ಹಾಗಾಗುವುದು ಒಳ್ಳೆಯದೇ. ಬೂದಿ ಸಿಮೆಂಟಿಗೆ ಬೇಕೆಂಬುದು ಕಲ್ಲಿದ್ದಲನ್ನು ಸುಡುವುದಕ್ಕೆ ಸಮರ್ಥನೆಯಾಗಕೂಡದು. ಆದರೆ ಆಗ ಕ್ಲಿಂಕರಿನ ಸ್ಥಾನವನ್ನು ತುಂಬುವ ವಸ್ತು ಯಾವುದು?

ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲೊಂದು ನಮ್ಮನ್ನು ಲೇಖನದ ಆರಂಭಕ್ಕೆ ಮರಳಿಸುತ್ತದೆ. ಸುಮಾರು 50 ಭಾಗ ಕ್ಲಿಂಕರು, 30 ಭಾಗ ಸುಟ್ಟ ಜೇಡಿಮಣ್ಣು, 15 ಭಾಗ ಸುಡದ ಸುಣ್ಣಕಲ್ಲು, 5 ಭಾಗ ಜಿಪ್ಸಮ್ ಇವುಗಳನ್ನು ಕೂಡಿಸಿದ ಒಂದು ಸಿಮೆಂಟನ್ನು ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ಭಾರತದ ಸಂಶೋಧಕರು ಕೂಡಿ ರೂಪಿಸಿದ್ದಾರೆ. ದೆಹಲಿ ಮತ್ತು ಮದರಾಸಿನ ಐ.ಐ.ಟಿ.ಗಳು ಈ ಕಾರ್ಯದಲ್ಲಿ ಭಾಗಿಯಾಗಿವೆ. ಜೇಡಿಮಣ್ಣನ್ನು 700ರಿಂದ 850 ಡಿಗ್ರಿಗಳಲ್ಲಿ ಸುಟ್ಟರೆ ಸಾಕು. ಅದರಿಂದ ಕಲ್ಲಿನ ಅನಿಲವೂ ಹೊರಡುವುದಿಲ್ಲ. ಗಣಿಗಳ ಮೇಲ್ಪದರದಿಂದ ತೆಗೆದೆಸೆದ ಕಾಯೊಲಿನ್‌ಯುಕ್ತ ಜೇಡಿಯನ್ನೂ, ಕ್ಲಿಂಕರಿಗೆ ಒಗ್ಗದೆ ಬದಿಗಿಟ್ಟ ಕೆಳದರ್ಜೆಯ ಸುಣ್ಣಕಲ್ಲನ್ನೂ ಇದಕ್ಕೆ ಬಳಸಬಹುದು. ಇದಕ್ಕೆ 2023ರಲ್ಲಿ ಐ.ಎಸ್. 18189 ಎಂಬ ಭಾರತೀಯ ಮಾನಕವೂ ಪ್ರಕಟವಾಗಿದೆ. ಸುಟ್ಟ ಜೇಡಿಮಣ್ಣಿನ ಪುಡಿಯೆಂದರೆ ಸುರ್ಕಿಯಲ್ಲದೆ ಬೇರೇನು? ಕನ್ನಂಬಾಡಿಯ ಗಾರೆಯಲ್ಲಿದ್ದ ತತ್ತ್ವವು ಅಳತೆ, ಹದ, ವಿಶ್ಲೇಷಣೆಗಳ ಬಲದೊಡನೆ ಮತ್ತೆ ನಮ್ಮ ಬಾಗಿಲಿಗೆ ಬಂದಿದೆ.

ಕೊನೆಯದಾಗಿ, ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಾದರೂ ಮಾಡಬಹುದಾದ ಒಂದು ಸರಳ ಪ್ರಯೋಗವನ್ನು ಅಧ್ಯಾಪಕ ಮಿತ್ರರಿಗೆ ಸೂಚಿಸುತ್ತೇವೆ. ಅರಳಿದ ಸುಣ್ಣದ ಒಂದು ಭಾಗಕ್ಕೆ ಹಾರುಬೂದಿಯ ಎರಡು ಭಾಗ ಸೇರಿಸಿ ನೀರಿನಲ್ಲಿ ಕಲಸಿ ಸಣ್ಣ ಅಚ್ಚುಗಳಲ್ಲಿ ಹಾಕಿರಿ. ಇನ್ನೊಂದೆಡೆ ಬೂದಿಯ ಬದಲು ಅಷ್ಟೇ ನುಣ್ಣಗೆ ಅರೆದ ಬೆಣಚುಕಲ್ಲಿನ ಪುಡಿಯನ್ನು ಸೇರಿಸಿರಿ. ಬೂದಿಯ ಮಿಶ್ರಣದಿಂದ ಇನ್ನೂ ಕೆಲವು ಅಚ್ಚುಗಳನ್ನು ಪ್ರತ್ಯೇಕವಾಗಿ ಮಾಡಿ ಎರಡು ದಿನಗಳ ಮೇಲೆ ಒಣಗಲು ಬಿಡಿರಿ. ಉಳಿದುವೆಲ್ಲವನ್ನೂ ಒದ್ದೆಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಡಬ್ಬದಲ್ಲಿಡಿರಿ. ಒಂದು ತಿಂಗಳಾದ ಮೇಲೆ ಎಲ್ಲವನ್ನೂ ಒಂದು ದಿನ ನೀರಿನಲ್ಲಿ ಮುಳುಗಿಸಿ, ಅನಂತರ ಕೈಯಿಂದ ಒತ್ತಿ ನೋಡಿರಿ. ಸ್ಫಟಿಕಕ್ಕೂ ಗಾಜಿಗೂ ಇರುವ ಭೇದವನ್ನೂ, ನೀರುಣಿಸುವುದರ ಮಹತ್ತ್ವವನ್ನೂ ವಿದ್ಯಾರ್ಥಿಗಳು ಆ ಮೂರು ಬಗೆಯ ತುಂಡುಗಳಿಂದಲೇ ಕಲಿಯುವರು. ಸುಣ್ಣವು ಕಣ್ಣಿಗೂ ಚರ್ಮಕ್ಕೂ ತಾಗದಂತೆ ಎಚ್ಚರ ವಹಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ಅವರಲ್ಲಿ ಕೆಲವರು ಎಂಜಿನಿಯರುಗಳಾಗುವರು. ಬಹುಮಂದಿ ತಮಗಾಗಿ ಒಂದು ಮನೆಯನ್ನು ಕಟ್ಟಿಸುವರು. ಅಂದು ಹತ್ತನೆಯ ದಿನವೂ ಗೋಡೆಗೆ ನೀರು ಹಾಕಿಸುವಷ್ಟು ತಿಳಿವಳಿಕೆ ಅವರಲ್ಲಿ ಉಳಿದಿದ್ದರೆ ಈ ಪಾಠವು ಸಾರ್ಥಕವಾದಂತೆ.